ಅರ್ಧ ದಿನ ಮಗುವನ್ನು ನೋಡಿಕೊಳ್ಳಲು ಜನ ಬೇಕೇ?

ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳ, ಕುಂಬಳೆಯಿಂದ ಬೆಳಗ್ಗಿನ ರೈಲು ಹಿಡಿದು ಮಂಗಳೂರಿಗೆ ಕೆಲಸಕ್ಕೆ ಹೋಗುವ ತಾಯಂದಿರ ದೊಡ್ಡ ಚಿಂತೆ ಮನೆಯಲ್ಲಿರುವ ಮಗು. ಅಂಗನವಾಡಿಯ ಪಾಠ ಮೂರು ವರ್ಷ ತುಂಬಿದವರಿಗೆ. ಅದೂ ಸಂಜೆಗೆ ಮೊದಲೇ ಮುಗಿಯುತ್ತದೆ. ಅಜ್ಜಿಗೆ ಮೊಣಕಾಲು ನೋವು. ಆಗ ಅರ್ಧ ದಿನಕ್ಕೆ ಒಬ್ಬರು ಬೇಕಾಗುತ್ತದೆ.

ಜನ ಹುಡುಕುವ ಮೊದಲು ಒಂದು ಹಾಳೆಯಲ್ಲಿ ಕೆಲಸವನ್ನು ಬರೆಯಿರಿ. ಎಷ್ಟು ಗಂಟೆಯಿಂದ ಎಷ್ಟರವರೆಗೆ? ಊಟ, ಸ್ನಾನ, ನಿದ್ದೆಯಲ್ಲಿ ಯಾವುದು ಅವರದು? ಪಾತ್ರೆ ತೊಳೆಯುವುದು, ಅಂಗಳ ಗುಡಿಸುವುದನ್ನು ದಯವಿಟ್ಟು ಇದರೊಳಗೆ ತುರುಕಬೇಡಿ. ನೀವು ಸಂಬಳ ಕೊಡುತ್ತಿರುವುದು ಮಗುವಿನ ಮೇಲಿನ ಎರಡು ಕಣ್ಣುಗಳಿಗೆ. ಆ ಕಣ್ಣು ಪಾತ್ರೆಯ ಮೇಲಿದ್ದರೆ ಮಗುವಿನ ಮೇಲೆ ಇರುವುದಿಲ್ಲ.

ವಿಚಾರಿಸಲು ಒಳ್ಳೆಯ ಜಾಗ ಕುಟುಂಬಶ್ರೀ, ಅಂದರೆ ಕೇರಳ ಸರಕಾರದ ಮಹಿಳಾ ಸಂಘಗಳ ಯೋಜನೆ. 1998ರಲ್ಲಿ ಶುರುವಾದ ಈ ಯೋಜನೆಯ ಅಯಲ್‌ಕೂಟಗಳಲ್ಲಿ (ನೆರೆಹೊರೆಯ ಗುಂಪುಗಳಲ್ಲಿ) ಹತ್ತರಿಂದ ಇಪ್ಪತ್ತು ಹೆಂಗಸರು ಇರುತ್ತಾರೆ. ವಾರ್ಡಿನ ಗುಂಪುಗಳನ್ನೆಲ್ಲ ಸೇರಿಸುವ ಸಮಿತಿಯಾದ ಎಡಿಎಸ್‌ನವರಿಗೆ ಯಾರ ಮನೆಯಲ್ಲಿ ಯಾರಿಗೆ ಕೆಲಸ ಬೇಕೆಂಬುದು ಗೊತ್ತು. ಅಂಗನವಾಡಿ ಟೀಚರನ್ನೂ ಆಶಾ ಕಾರ್ಯಕರ್ತೆಯನ್ನೂ ಕೇಳಿ. ತೋಟದ ಕೆಲಸದವರ ಪುಟ್ಟ ಮಗಳನ್ನು ಮಾತ್ರ ಕರೆಯಬೇಡಿ. ಹದಿನಾಲ್ಕರೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರಿಂದಲೇ ನಿಷಿದ್ಧ. ಕಾನೂನು ಇಲ್ಲದಿದ್ದರೂ ಅದು ತಪ್ಪೇ.

ಮಾತುಕತೆ ಮಗು ಎಚ್ಚರವಿರುವಾಗ ಮನೆಯಲ್ಲೇ ಆಗಲಿ. ‘ಮಕ್ಕಳೆಂದರೆ ಇಷ್ಟವೇ’ ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. ‘ಊಟ ಬೇಡವೆಂದು ಹಟ ಹಿಡಿದರೆ ಏನು ಮಾಡುತ್ತೀರಿ? ಗಂಟಲಲ್ಲಿ ಏನಾದರೂ ಸಿಕ್ಕಿದರೆ?’ ಎಂದು ಕೇಳಿ. ಮೊದಲು ಕೆಲಸ ಮಾಡಿದ ಮನೆಗೆ ನೀವೇ ಫೋನ್ ಮಾಡಿ ವಿಚಾರಿಸಿ. ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ.

ಇನ್ನು ಮನೆ ತೋರಿಸುವ ಕೆಲಸ. ಇದಕ್ಕೆ ಒಂದು ಇಡೀ ಬೆಳಗ್ಗೆ ಬೇಕು, ಅವಸರ ಮಾಡಬೇಡಿ. ನಮ್ಮ ಮನೆಗಳ ಅಪಾಯಗಳು ಪಟ್ಟಣದ ಫ್ಲ್ಯಾಟಿನವುಗಳಲ್ಲ. ಬಾವಿಗೆ ಕಟ್ಟೆ ಇದ್ದರೂ ಮೇಲೆ ಬಲೆ ಬೇಕು. ತೋಟದ ಕೆರೆ, ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಬಿಲದ) ನೀರು ಬೀಳುವ ಗುಂಡಿ, ಬಚ್ಚಲಿನ ತುಂಬಿದ ಬಾಲ್ದಿ ಎಲ್ಲವನ್ನೂ ಜೊತೆಗೆ ನಡೆದು ತೋರಿಸಿ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ದಿನ ಮಗು ಅಂಗಳಕ್ಕೆ ಇಳಿಯಬಾರದು. ಆ ಮದ್ದಿಗೆ ಹಾಕುವ ಮೈಲುತುತ್ತಿನ ನೀಲಿ ಹರಳು ಮಕ್ಕಳ ಕಣ್ಣಿಗೆ ಕಲ್ಲುಸಕ್ಕರೆಯ ಹಾಗೆ ಕಾಣುತ್ತದೆ, ಆದರೆ ಅದು ವಿಷ. ಬೀಗ ಹಾಕಿಡಿ. ಅಂಗಳದಲ್ಲಿ ಒಣಗುವ ಅಡಿಕೆ, ಹಲಸಿನ ಬೀಜ, ನೆಲಗಡಲೆ ಗಂಟಲಿಗೆ ಸಿಕ್ಕಿಕೊಳ್ಳುವ ವಸ್ತುಗಳು. ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸಬಾರದು, ಮಲಗಿಸುವಾಗ ಬೆನ್ನಿನ ಮೇಲೆಯೇ ಮಲಗಿಸಬೇಕು. ಇದನ್ನು ಅಜ್ಜಿಗೂ ಹೇಳಿ. ಅಡುಗೆಮನೆಯ ಗೋಡೆಗೆ ನಿಮ್ಮಿಬ್ಬರ ನಂಬರು, ಹತ್ತಿರದ ಆಸ್ಪತ್ರೆಯ ನಂಬರು, ಜೊತೆಗೆ ತುರ್ತು ಸಹಾಯದ 112 ಬರೆದು ಅಂಟಿಸಿ. ನಿಮ್ಮನ್ನು ಕೇಳದೆ ಯಾವ ಔಷಧವನ್ನೂ ಕೊಡುವುದು ಬೇಡ.

ಬರುವವರು ಮಲಯಾಳವೋ ತುಳುವೋ ಬ್ಯಾರಿಯೋ ಮಾತಾಡುವವರಾದರೆ ‘ಮಗುವಿನ ಕನ್ನಡ ಕೆಡುತ್ತದೆ’ ಎಂದು ಹೆದರುವವರಿದ್ದಾರೆ. ನೀವು ಮನೆಯಲ್ಲಿ ಕನ್ನಡದಲ್ಲಿ ಮಾತಾಡಿ, ಕತೆ ಹೇಳಿ. ಅವರು ತಮ್ಮ ಮಾತಿನಲ್ಲೇ ಜೋಗುಳ ಹಾಡಲಿ. ಅಳುವ ಮಗುವನ್ನು ತಬ್ಬಿ ಸಮಾಧಾನ ಮಾಡುವಾಗ ಬಾಯಿಗೆ ಬರುವುದು ಹುಟ್ಟಿನ ಮಾತೇ. ಮಂಜೇಶ್ವರದ ಮಕ್ಕಳು ಮೂರು ನುಡಿ ಕಲಿಯುವುದು ಅಂಗಳದಲ್ಲೇ.

ಸಂಬಳದ ಮೊತ್ತ, ಕೊಡುವ ತಾರೀಕು, ರಜೆ ಇವನ್ನು ಮೊದಲೇ ಮಾತಾಡಿ ಬರೆದಿಡಿ. ಹರತಾಳದ ದಿನ ಬಸ್ಸಿಲ್ಲದೆ ಬರಲಾಗದಿದ್ದರೆ ಸಂಬಳ ಕಡಿಯಬೇಡಿ. ತರವಾಡಿನ (ಕುಟುಂಬದ ಮೂಲಮನೆಯ) ದೈವದ ಕೋಲಕ್ಕೆ, ವಿಷುವಿಗೆ, ಓಣಂಗೆ, ಪೆರ್ನಾಳಿಗೆ (ಈದ್ ಹಬ್ಬಕ್ಕೆ) ಅವರಿಗೂ ಮನೆ ಇದೆ. ನೀವು ಸಂಜೆ ತಡವಾಗಿ ಬಂದರೆ ಹೆಚ್ಚಿನ ಹೊತ್ತಿಗೆ ಹೆಚ್ಚಿನ ಹಣ. ಕುಡಿಯುವ ಲೋಟ, ಕೂರುವ ಜಾಗ ಬೇರೆ ಮಾಡಬೇಡಿ. ಮಗು ಅದನ್ನೆಲ್ಲ ನೋಡುತ್ತಿರುತ್ತದೆ.

ಮೊದಲ ವಾರ ಮನೆಯವರೊಬ್ಬರು ಜೊತೆಗಿರಿ. ಮೊದಲ ದಿನ ಒಂದು ಗಂಟೆ ಹೊರಗೆ ಹೋಗಿ ಬನ್ನಿ, ಮರುದಿನ ಎರಡು. ಹೊರಡುವಾಗ ಮಗುವಿನ ಕಣ್ಣು ತಪ್ಪಿಸಿ ಹಿತ್ತಲ ಬಾಗಿಲಿನಿಂದ ಜಾರಿಕೊಳ್ಳಬೇಡಿ. ಹೇಳಿಯೇ ಹೊರಡಿ, ಅತ್ತರೂ ಸರಿ, ಹೇಳಿದ ಹೊತ್ತಿಗೆ ವಾಪಸು ಬನ್ನಿ.