ಕಡತ ಓದಿ ಅಂಗಳಕ್ಕೆ ಇಳಿಯುವುದು

ಕಾರವಾರದಲ್ಲಿದ್ದುಕೊಂಡು ಜಿಲ್ಲೆಯ ಸುದ್ದಿ ಬರೆಯುವ ನನ್ನಂಥವನಿಗೆ ಸಂದರ್ಶನ ಅಂದರೆ ಸ್ಟುಡಿಯೊ, ದೀಪ, ಎದುರುಬದುರು ಎರಡು ಕುರ್ಚಿ ಅಲ್ಲ. ಬೈತಖೋಲ್ ಬಂದರಿನಲ್ಲಿ ಬುಟ್ಟಿಗಳ ನಡುವೆ ನಿಂತು, ಶಿರಸಿ ಕಡೆಯ ಮನೆಯ ಜಗಲಿಯಲ್ಲಿ ಕೂತು, ಕೆಲವೊಮ್ಮೆ ಅಧಿಕಾರಿ ಜೀಪು ಹತ್ತುವ ಮೊದಲಿನ ಎರಡು ನಿಮಿಷದಲ್ಲಿ ಮುಗಿಸುವ ಕೆಲಸ. ಅದಕ್ಕೇ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ: ಕಾಗದದಲ್ಲಿ ಸಿಗುವುದನ್ನು ಮನುಷ್ಯರ ಹತ್ತಿರ ಕೇಳುವುದಿಲ್ಲ.

ಮಳೆಗಾಲದ ಉದಾಹರಣೆಯನ್ನೇ ನೋಡಿ. ಕದ್ರಾ ಅಣೆಕಟ್ಟೆಯಿಂದ ನೀರು ಬಿಡುತ್ತಾರೆ ಎಂಬ ಸುದ್ದಿ ಬಂದ ಕೂಡಲೇ ಎಂಜಿನಿಯರಿಗೆ ಫೋನ್ ಮಾಡಿ ‘ಪರಿಸ್ಥಿತಿ ಹೇಗಿದೆ ಸರ್’ ಅಂದರೆ, ‘ನಿಯಂತ್ರಣದಲ್ಲಿದೆ’ ಅನ್ನುತ್ತಾರೆ. ಬೇರೆ ಏನು ಹೇಳಿಯಾರು? ನಾನು ಮೊದಲು ಆ ದಿನದ ಒಳಹರಿವು, ಹೊರಹರಿವು, ಜಲಾಶಯದ ಮಟ್ಟ ಬರೆದುಕೊಳ್ಳುತ್ತೇನೆ. ಗರಿಷ್ಠ ಮಟ್ಟ 34.50 ಮೀಟರ್ ಅನ್ನುವುದು ಹೇಗೂ ಗೊತ್ತಿರುತ್ತದೆ. ಮೇಲೆ ಸೂಪಾ ಅಣೆಕಟ್ಟೆಯಲ್ಲಿ ಎಷ್ಟು ಜಾಗ ಉಳಿದಿದೆ ಅಂತಲೂ ನೋಡುತ್ತೇನೆ. ಆಮೇಲೆ ಕೇಳುವುದು ಒಂದೇ ಪ್ರಶ್ನೆ: ‘2019ರ ಆಗಸ್ಟಿನಲ್ಲಿ ಕೆಳಗಿನ ಊರುಗಳಿಗೆ ನೀರು ನುಗ್ಗಿತ್ತಲ್ಲ, ಈ ಸಲ ಎಷ್ಟು ಮಟ್ಟಕ್ಕೆ ಬಂದಾಗ ಗೇಟು ತೆಗೆಯುತ್ತೀರಿ?’ ಇದಕ್ಕೆ ‘ನಿಯಂತ್ರಣದಲ್ಲಿದೆ’ ಅನ್ನುವುದು ಕಷ್ಟ. ಉತ್ತರ ಬಂದ ಮೇಲೂ ನಾನು ಬಾಯಿ ತೆಗೆಯುವುದಿಲ್ಲ. ಅತ್ತಲಿನವರು ಆ ಮೌನ ತುಂಬಲು ಹೇಳುವ ಎರಡನೇ ಮಾತಿನಲ್ಲೇ ಎಷ್ಟೋ ಸಲ ಸುದ್ದಿ ಇರುತ್ತದೆ.

ಯಾವಾಗ ಹೋಗಬೇಕು ಅನ್ನುವುದೂ ತಯಾರಿಯೇ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟಿನ ಮಾಲೀಕರ ಜೊತೆ ಸಾಲ, ಡೀಸೆಲ್ ಸಬ್ಸಿಡಿ, ಬೆಳಕು ಹಾಕಿ ಮೀನು ಹಿಡಿಯುವ ಜಗಳ ಎಲ್ಲ ಮಾತಾಡಬೇಕಾದರೆ ಆಗಲೇ ಹೋಗಬೇಕು. ಬಲೆ ಸರಿಮಾಡುತ್ತ ಕೂತವರ ಕೈಗೆ ಕೆಲಸ ಇರುತ್ತದೆ, ಬಾಯಿಗೆ ಇರುವುದಿಲ್ಲ. ಬೋಟಿನಲ್ಲಿ ದುಡಿಯುವ ಒಡಿಶಾ, ಜಾರ್ಖಂಡಿನ ಹುಡುಗರು ಬೇಕಾದರೆ ಮಾತ್ರ ಮೇ ಮುಗಿಯುವುದರೊಳಗೆ ಹಿಡಿಯಬೇಕು, ಆಮೇಲೆ ಊರಿಗೆ ಹೋಗಿಬಿಡುತ್ತಾರೆ. ಘಟ್ಟದ ಮೇಲೆ ಲೆಕ್ಕ ಬೇರೆ. ಕೊಳೆ ರೋಗಕ್ಕೆ ಬೋರ್ಡೊ ದ್ರಾವಣ ಹೊಡೆಸಲು ಮಳೆ ಬಿಡುವುದನ್ನೇ ಕಾಯುತ್ತಿರುವ ಅಡಿಕೆ ಬೆಳೆಗಾರರ ಮನೆಗೆ, ಮಳೆ ಹೊಳವಾದ ದಿನವೇ ಮೈಕು ಹಿಡಿದು ಹೋಗಬಾರದು. ಅಡಿಕೆ ಸುಲಿಯುವ ರಾತ್ರಿ ಹೋದರೆ ಚಹಾವೂ ಸಿಗುತ್ತದೆ, ಮೂರು ತಲೆಮಾರಿನ ಮಾತೂ ಸಿಗುತ್ತದೆ.

ಕಾಗದ ಓದಿ ಹೋಗುವುದರ ನಿಜವಾದ ಲಾಭ ಗೊತ್ತಾಗುವುದು ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟ ಕುಟುಂಬಗಳ ಜೊತೆ ಕೂತಾಗ. ಆ ನೆಲೆಯ ಸೀಬರ್ಡ್ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿತ್ತು, ನೆಲೆ ‘ಐಎನ್‌ಎಸ್ ಕದಂಬ’ ಎಂದು ಶುರುವಾದದ್ದು 2005ರಲ್ಲಿ. ಸರ್ವೆ ನಂಬರು, ಗುಂಟೆ, ಪರಿಹಾರದ ಮೊತ್ತ, ಕೋರ್ಟಿನ ಆದೇಶ ಎಲ್ಲ ಕಡತದಲ್ಲಿದೆ. ಅದನ್ನೇ ಕೇಳಿದರೆ ಅವರು ಪ್ಲಾಸ್ಟಿಕ್ ಚೀಲದಿಂದ ಝೆರಾಕ್ಸ್ ತೆಗೆದು ಕೈಗೆ ಕೊಟ್ಟು ಸುಮ್ಮನಾಗುತ್ತಾರೆ. ಇಷ್ಟು ವರ್ಷ ಬಂದವರೆಲ್ಲ ಅದನ್ನೇ ಕೇಳಿದ್ದಾರೆ, ಪಾಪ. ತೋಡೂರಿನ ಪುನರ್ವಸತಿ ಕಾಲೊನಿಯಲ್ಲಿ ಒಬ್ಬ ಅಜ್ಜಿಯ ಹತ್ತಿರ ನಾನು ಕೇಳಿದ್ದು, ‘ಹಳೇ ಮನೆಯಿಂದ ಬಾವಿ ಎಷ್ಟು ದೂರ ಇತ್ತು?’ ಅವರು ಸೆರಗು ಸಿಕ್ಕಿಸಿಕೊಂಡು ಅಂಗಳಕ್ಕಿಳಿದು ನಡೆಯತೊಡಗಿದರು. ಇಲ್ಲಿ ತುಳಸಿಕಟ್ಟೆ, ಇಲ್ಲಿ ಹಟ್ಟಿ, ಇಲ್ಲಿಂದ ಸಮುದ್ರದ ಸಪ್ಪಳ ಕೇಳುತ್ತಿತ್ತು ಅಂತ ತೋರಿಸುತ್ತ ಹೋದವರು ಪಕ್ಕದ ಮನೆಯ ಕಾಂಪೌಂಡು ಅಡ್ಡ ಬಂದು ನಿಂತರು. ಬಾವಿ ಅದರಾಚೆಗಿರಬೇಕಿತ್ತು. ಆ ವರದಿಗೆ ನಾನು ಬೇರೆ ಆರಂಭ ಹುಡುಕಲಿಲ್ಲ.

ಪತ್ರಿಕೋದ್ಯಮ ಓದಿ ಬರುವ ಹುಡುಗರು ಪ್ರಶ್ನೆಪಟ್ಟಿ ತರುತ್ತಾರೆ. ತರಲಿ, ಆದರೆ ಅದು ಜೇಬಿನಲ್ಲಿರಲಿ. ಪಟ್ಟಿ ನೋಡುವವನಿಗೆ ಎದುರಿನವರ ಮುಖ ಕಾಣುವುದಿಲ್ಲ.

‘ನಿಮಗೆ ಹೇಗನಿಸುತ್ತಿದೆ’ ಅನ್ನುವ ಪ್ರಶ್ನೆಯನ್ನಂತೂ ನಾನು ಕೇಳುವುದೇ ಇಲ್ಲ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯ ಮೇಲೆ ಬಿದ್ದಿತು. ಗಂಗಾವಳಿಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಅಂಥ ಕಡೆ ಮೈಕು ಮುಂದೆ ಚಾಚಿ ಹಾಗೆ ಕೇಳಿದರೆ ಅಳು ಸಿಗುತ್ತದೆ, ಮಾಹಿತಿ ಸಿಗುವುದಿಲ್ಲ. ನೀರು ಎಲ್ಲಿವರೆಗೆ ಬಂತು, ಮೊದಲು ಕೇಳಿದ ಶಬ್ದ ಯಾವುದು, ಆಗ ಮನೆಯಲ್ಲಿ ಯಾರಿದ್ದರು ಎಂದು ಕೇಳಬಹುದು. ಮಾತಾಡಲು ಮನಸ್ಸಿಲ್ಲದವರನ್ನು ಬಿಟ್ಟುಬಿಡಬೇಕು. ಅಲ್ಲೇ ನಿಂತು ಕಾಯುವುದೂ ಒಂದು ಬಗೆಯ ಒತ್ತಾಯವೇ.

ರೆಕಾರ್ಡರ್ ಇದ್ದರೂ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ, ಕಡಲತೀರದ ಗಾಳಿಗೆ ಅರ್ಧ ಮಾತು ಹಾರಿಹೋಗಿರುತ್ತದೆ. ಹೆಸರನ್ನು ಅವರಿಂದಲೇ ಬರೆಸುತ್ತೇನೆ. ಒಂದೇ ಕೇರಿಯಲ್ಲಿ ಒಂದೇ ಹೆಸರಿನ ನಾಲ್ಕು ಮಂದಿ ಹರಿಕಂತ್ರರು, ತಾಂಡೇಲರು ಸಿಗುತ್ತಾರೆ, ಆದ್ದರಿಂದ ತಂದೆಯ ಹೆಸರೂ ಬೇಕು.

ಸಂಜೆ ಬರೆದಾದ ಮೇಲೆ ಅಂಕಿ, ಹೆಸರು, ಅವರ ಬಾಯಿಂದ ಬಂದ ಮಾತು ಇಷ್ಟನ್ನು ಫೋನಿನಲ್ಲಿ ಓದಿ ಹೇಳುತ್ತೇನೆ. ಇಡೀ ವರದಿ ಕಳಿಸುವುದಿಲ್ಲ. ‘ಆ ಮಾತು ತೆಗೀರಿ’ ಎಂದು ದಿನಗೂಲಿಯವರು ಕೇಳಿಕೊಂಡರೆ ಹೆಸರು ತೆಗೆದು ಮಾತು ಉಳಿಸಬಹುದೇ ಎಂದು ಕೇಳುತ್ತೇನೆ. ಬೇಡವೆಂದರೆ ಮಾತನ್ನೂ ತೆಗೆಯುತ್ತೇನೆ. ಹತ್ತು ಮೈಕುಗಳ ಮುಂದೆ ಹೇಳಿದ್ದನ್ನು ರಾತ್ರಿ ಫೋನ್ ಮಾಡಿ ತೆಗೆಸಲು ನೋಡುವ ಜನಪ್ರತಿನಿಧಿಗಳಿಗೆ ಆ ಸೌಲಭ್ಯ ಇಲ್ಲ.