ಖಾಲಿ ಬಿಟ್ಟ ಅರ್ಧ ಪುಟ

ನಾನು ಅಧ್ಯಕ್ಷೆಯಾದ ದಿನ ಹಾರ ಬಿದ್ದದ್ದು ನನ್ನ ಕೊರಳಿಗೆ, ಜನ ಕೈ ಕುಲುಕಿದ್ದು ನಮ್ಮ ಮನೆಯವರಿಗೆ. ಜಗಳೂರು ತಾಲ್ಲೂಕಿನ ಸಣ್ಣ ಪಂಚಾಯಿತಿ ನಮ್ಮದು. ಭಾಷಣ ಮಾಡಿದವರೆಲ್ಲ ಚಿತ್ರದುರ್ಗದ ಓಬವ್ವನನ್ನು ನೆನೆದರು. ಒನಕೆಯನ್ನು ಹೊಗಳುವವರು ಡಾಂಗಲ್ ಕೊಡಲು ಮಾತ್ರ ಹಿಂದೆಮುಂದೆ ನೋಡುತ್ತಾರೆ.

ಡಾಂಗಲ್ ಎಂದರೆ ಡಿಜಿಟಲ್ ಸಹಿಯ ಕೀ, ಹೆಬ್ಬೆರಳಿನಷ್ಟಿರುತ್ತದೆ. ಅಧ್ಯಕ್ಷರದ್ದೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರದ್ದೂ ಸೇರಿದರಷ್ಟೇ 15ನೇ ಹಣಕಾಸು ಆಯೋಗದ ದುಡ್ಡು ಪಾವತಿಯಾಗುತ್ತಿತ್ತು. ನನ್ನದು ಆರು ತಿಂಗಳು ಮನೆಯವರ ಬೈಕಿನ ಕೀಗೊಂಚಲಿನಲ್ಲಿ ನೇತಾಡುತ್ತಿತ್ತು.

ಸಭೆಯೂ ಹಾಗೆಯೇ. ಪಂಚಾಯತ್ ರಾಜ್ ಕಾಯ್ದೆಯ 2010ರ ತಿದ್ದುಪಡಿಯಿಂದ ಅರ್ಧದಷ್ಟು ಸ್ಥಾನ ಹೆಂಗಸರಿಗೆ. ಆ ಅರ್ಧ ಗೋಡೆಗೆ ಒರಗಿ ಕೂತು, ಚಹಾ ಕುಡಿದು ಎದ್ದು ಬರುತ್ತಿತ್ತು. ನಡಾವಳಿ ಪುಸ್ತಕವನ್ನು ನನ್ನ ಕಡೆ ತಿರುಗಿಸಿ, "ಇಲ್ಲೊಂದು ಸಹಿ ಹಾಕಿರಿ ಅಕ್ಕಾ" ಎನ್ನುತ್ತಿದ್ದರು. ಸಹಿಯ ಮೇಲೆ ಅರ್ಧ ಪುಟ ಖಾಲಿ. ಠರಾವು ಆಮೇಲೆ ಬರೆಯುತ್ತಾರಂತೆ. ಹಾಕಿದೆ. ಒಂದು ಸಲವಲ್ಲ, ನಾಲ್ಕು ಸಲ.

ಐದನೆಯ ಸಭೆಗೆ ಮೊದಲು, ಮಕ್ಕಳನ್ನು ಶಾಲೆಗೆ ಕಳಿಸಿ ಒಬ್ಬಳೇ ಕಚೇರಿಗೆ ಹೋಗಿ ಹಳೆಯ ನಡಾವಳಿ ಓದಿದೆ. ಧೈರ್ಯವೇನೂ ಇರಲಿಲ್ಲ, ಆ ಖಾಲಿ ಜಾಗದಲ್ಲಿ ಏನು ಬರೆದಿದ್ದಾರೋ ಎಂಬ ಭಯವಿತ್ತು. ಒಂದೇ ಕೊಳವೆಬಾವಿಯ ಮೋಟರ್ ರಿವೈಂಡಿಂಗ್ ಎಂದು ಎರಡು ಬಿಲ್ಲು ಹೋಗಿದ್ದವು, ಮೂರನೆಯದು ಕಾಯುತ್ತಿತ್ತು. ನೀರಗಂಟಿಯನ್ನು ಕೇಳಿದೆ. ತಲೆ ಕೆರೆದುಕೊಂಡು, "ಮೋಟರ್ ಮೇಲೆತ್ತಿದ್ದು ಒಂದೇ ಸಲ ಅಮ್ಮಾ" ಎಂದ.

ಆ ರಾತ್ರಿ ಮನೆಯವರಿಗೆ ಊಟ ಬಡಿಸುತ್ತಾ ಡಾಂಗಲ್ ಕೇಳಿದೆ. "ನಿನಗೇಕೆ ತಲೆನೋವು?" ಎಂದರು. "ತನಿಖೆ ಬಂದರೆ ನೋಟಿಸು ಬರುವುದು ನನ್ನ ಹೆಸರಿಗೆ ರೀ" ಎಂದೆ. ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. ಬೆಳಿಗ್ಗೆ ಡಾಂಗಲ್ ದೇವರ ಗೂಡಿನಲ್ಲಿತ್ತು. ಅವರೂ ಕೆಟ್ಟವರಲ್ಲ, ಊರು ಅವರಿಗೆ ಅಷ್ಟು ಅಭ್ಯಾಸ ಮಾಡಿಸಿತ್ತು.

ಸಭೆಯಲ್ಲಿ ಕೇಳಬೇಕಾದ್ದನ್ನು ಮಗಳ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಓದುವಾಗ ಹಾಳೆ ನಡುಗುವುದು ಎಲ್ಲರಿಗೂ ಕಾಣುತ್ತಿತ್ತು. ಮೇಜಿನ ಮೇಲಿಟ್ಟು ಅಂಗೈಯಿಂದ ಒತ್ತಿ ಹಿಡಿದು ಓದಿದೆ. ಹಿರಿಯ ಸದಸ್ಯರೊಬ್ಬರು, "ಇದೆಲ್ಲ ನಿಮಗೆ ತಿಳಿಯುವುದಿಲ್ಲ ತಾಯೀ" ಎಂದರು. ಗೋಡೆಯ ಕಡೆಯಿಂದ ಒಬ್ಬಾಕೆ, "ಆ ಬೋರಿನ ನೀರು ಹೊರುವವರು ನಾವೇ ಅಲ್ಲವೇ, ಎಷ್ಟು ಸಲ ಕೆಟ್ಟಿತ್ತು ಅಂತ ನಮಗೆ ಗೊತ್ತು" ಎಂದಳು. ಎರಡು ವರ್ಷ ಸದಸ್ಯೆಯಾಗಿದ್ದವಳ ದನಿಯನ್ನು ಸಭೆಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಮೂರನೆಯ ಬಿಲ್ಲು ಪಾವತಿಯಾಗಲಿಲ್ಲ. ಮೊದಲೆರಡರ ದುಡ್ಡು ವಾಪಸು ಬರಲಿಲ್ಲ, ಅದಕ್ಕೆ ಬಿದ್ದದ್ದು ನನ್ನದೇ ಸಹಿ. ಈಗ ಠರಾವು ಬರೆದು, ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಪೆನ್ನಿನ ಮುಚ್ಚಳ ತೆಗೆಯುತ್ತೇನೆ. ಸಭೆ ಮುಗಿಯುವುದು ಒಂದು ಗಂಟೆ ತಡವಾಗುತ್ತದೆ. ಮನೆಯವರು ಹೊರಗೆ ಬೇವಿನ ಮರದ ಕೆಳಗೆ ಬೈಕಿನ ಮೇಲೆ ಕೂತು ಕಾಯುತ್ತಿರುತ್ತಾರೆ.