ಮಗಳಿಗೆ ಎಚ್‌ಪಿವಿ ಲಸಿಕೆ: ತೀರ್ಮಾನಿಸುವ ಮುನ್ನ ತಂದೆತಾಯಿ ತಿಳಿಯಬೇಕಾದದ್ದು

ಪೋಲಿಯೊ ಹನಿ ಹಾಕಿಸುವಾಗ, ದಡಾರದ ಚುಚ್ಚುಮದ್ದು ಕೊಡಿಸುವಾಗ ಹೆಚ್ಚಿನ ತಂದೆತಾಯಿಯರು ಯೋಚಿಸುತ್ತ ಕೂರುವುದಿಲ್ಲ. ಆದರೆ ಹತ್ತು ಹನ್ನೊಂದು ವರ್ಷದ ಮಗಳಿಗೆ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಲಸಿಕೆ, ಅಂದರೆ ಗರ್ಭಕಂಠದ (ಗರ್ಭಕೋಶದ ಬಾಯಿಯ) ಕ್ಯಾನ್ಸರನ್ನು ತಡೆಯುವ ಲಸಿಕೆ, ಹಾಕಿಸಿ ಎಂದು ವೈದ್ಯರು ಹೇಳಿದ ದಿನ ಮನೆಯಲ್ಲಿ ಮಾತು ತಡವರಿಸುತ್ತದೆ. ಈ ವೈರಸ್ಸು ಲೈಂಗಿಕ ಸಂಪರ್ಕದಿಂದ ಹರಡುತ್ತದೆ ಎಂಬ ಸಂಕೋಚ ಒಂದು ಕಡೆ, ಕಾಯಿಲೆ ಬರುವುದಿದ್ದರೂ ಅದು ದಶಕಗಳಾಚೆ ಎಂಬ ಸಮಾಧಾನ ಇನ್ನೊಂದು ಕಡೆ. ಇವೆರಡರ ನಡುವೆ ತೀರ್ಮಾನ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಈ ಲಸಿಕೆಯ ವಿಷಯದಲ್ಲಿ ಹಾಗೆ ಮುಂದಕ್ಕೆ ಹಾಕುವುದಕ್ಕೂ ಬೆಲೆ ತೆರಬೇಕಾಗುತ್ತದೆ.

ಮೊದಲು ಕಾಯಿಲೆಯನ್ನು ಅರಿತುಕೊಳ್ಳಿ. ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಗಳಿವೆ, ಬಹುಪಾಲು ಸೋಂಕುಗಳನ್ನು ದೇಹವೇ ಒಂದೆರಡು ವರ್ಷಗಳಲ್ಲಿ ಹೊರಹಾಕುತ್ತದೆ. ಹಾಗೆ ಹೋಗದೆ ಉಳಿದ ಸೋಂಕು, ಅದರಲ್ಲೂ 16 ಮತ್ತು 18ನೇ ಬಗೆಯದು, ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಸದ್ದಿಲ್ಲದೆ ಗರ್ಭಕಂಠದ ಕ್ಯಾನ್ಸರಾಗಿ ಬೆಳೆಯಬಲ್ಲದು. ಜಗತ್ತಿನ ಗರ್ಭಕಂಠದ ಕ್ಯಾನ್ಸರುಗಳಲ್ಲಿ ಸುಮಾರು ಶೇ 70ರಷ್ಟು ಈ ಎರಡೇ ಬಗೆಗಳಿಂದ ಬರುತ್ತವೆ. ವೈರಸ್ಸಿಗೂ ಈ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ದೊರೆಯಿತು. ಭಾರತದಲ್ಲಿ 2022ರ ಒಂದೇ ವರ್ಷದಲ್ಲಿ ಸುಮಾರು 1.27 ಲಕ್ಷ ಮಹಿಳೆಯರಿಗೆ ಈ ರೋಗ ಹೊಸದಾಗಿ ಬಂದಿತೆಂದೂ, 80 ಸಾವಿರದಷ್ಟು ಮಂದಿ ತೀರಿಕೊಂಡರೆಂದೂ ಅಂದಾಜಿದೆ.

ಹಾಗಿದ್ದರೂ ಇಷ್ಟು ಚಿಕ್ಕ ವಯಸ್ಸಿಗೇ ಏಕೆ ಎಂಬ ಪ್ರಶ್ನೆ ಉಳಿಯುತ್ತದೆ. ಈ ಲಸಿಕೆ ಸೋಂಕನ್ನು ತಡೆಯುತ್ತದೆಯೇ ಹೊರತು, ಆಗಲೇ ಒಳಹೊಕ್ಕ ವೈರಸ್ಸನ್ನು ಕಳೆಯುವುದಿಲ್ಲ. ಜೊತೆಗೆ 9ರಿಂದ 14ರ ವಯಸ್ಸಿನಲ್ಲಿ ದೇಹ ಲಸಿಕೆಗೆ ಕೊಡುವ ಪ್ರತಿಕ್ರಿಯೆ ಹೆಚ್ಚು ಬಲವಾಗಿರುತ್ತದೆ. ಸ್ವೀಡನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹದಿನೇಳು ತುಂಬುವ ಮೊದಲೇ ಲಸಿಕೆ ಪಡೆದವರಲ್ಲಿ ಗರ್ಭಕಂಠದ ಕ್ಯಾನ್ಸರ್ ಶೇ 88ರಷ್ಟು ಕಡಿಮೆಯಿತ್ತು. ಹದಿನೇಳರ ನಂತರ ಪಡೆದವರಲ್ಲಿ ಆ ಇಳಿಕೆ ಶೇ 53ಕ್ಕೆ ನಿಂತಿತು. ನಮ್ಮ ಮಗಳು ಅಂಥವಳಲ್ಲ ಎನ್ನುವವರು ಒಂದು ಮಾತನ್ನು ಗಮನಿಸಬೇಕು: ಮದುವೆಯಾದ ಮೇಲೆ ಗಂಡನಿಂದಲೂ ಸೋಂಕು ತಗಲಬಹುದು, ಅವನಲ್ಲಿ ವೈರಸ್ಸಿದ್ದರೂ ಯಾವ ಲಕ್ಷಣವೂ ಕಾಣದಿರಬಹುದು. ಆದ್ದರಿಂದ ಲಸಿಕೆಯ ಪ್ರಶ್ನೆಯನ್ನು ಮಗಳ ನಡತೆಯ ಪ್ರಶ್ನೆಯನ್ನಾಗಿ ಮಾಡಿಕೊಳ್ಳುವುದು ಅವಳಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಲಸಿಕೆಯಿಂದ ಹುಡುಗಿಯರು ಸತ್ತರಂತೆ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಅದರ ಮೂಲವನ್ನು ತಿಳಿಯದೆ ತೀರ್ಮಾನಕ್ಕೆ ಬರುವುದು ಸರಿಯಲ್ಲ. 2009ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಸುಮಾರು 24 ಸಾವಿರ ಬಾಲಕಿಯರಿಗೆ ಪ್ರಾಯೋಗಿಕ ಯೋಜನೆಯೊಂದರಲ್ಲಿ ಈ ಲಸಿಕೆ ಕೊಡಲಾಯಿತು. ಅವರಲ್ಲಿ ಏಳು ಮಂದಿ ತೀರಿಕೊಂಡ ಸುದ್ದಿ ಹಬ್ಬಿ, 2010ರಲ್ಲಿ ಯೋಜನೆ ನಿಂತಿತು. ನೀರಿಗೆ ಬಿದ್ದದ್ದು, ಹಾವು ಕಡಿದದ್ದು, ಕೀಟನಾಶಕ ಸೇವಿಸಿದ್ದು ಮೊದಲಾದ ಕಾರಣಗಳನ್ನು ಕಂಡ ತನಿಖಾ ಸಮಿತಿ, ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣುವುದಿಲ್ಲವೆಂದು ಹೇಳಿತು. ಆದರೆ ತಪ್ಪೇ ನಡೆದಿರಲಿಲ್ಲ ಎಂದಲ್ಲ: ಹಲವು ಕಡೆ ತಂದೆತಾಯಿಯರ ಬದಲು ಹಾಸ್ಟೆಲ್ ವಾರ್ಡನ್ನರು, ಮುಖ್ಯೋಪಾಧ್ಯಾಯರು ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕಿದ್ದರು, ಇದನ್ನು ಸಂಸತ್ತಿನ ಸ್ಥಾಯಿ ಸಮಿತಿ 2013ರಲ್ಲಿ ಕಟುವಾಗಿ ಖಂಡಿಸಿತು. ಶಾಲೆಯಿಂದ ಒಪ್ಪಿಗೆಪತ್ರ ಬಂದರೆ ಅದನ್ನು ಪೂರ್ತಿ ಓದಿ, ಯಾವ ಕಂಪನಿಯ ಲಸಿಕೆ, ಎಷ್ಟು ಡೋಸು, ತೊಂದರೆಯಾದರೆ ಯಾರನ್ನು ಕಾಣಬೇಕು ಎಂದು ಕೇಳಿ, ನೀವೇ ಸಹಿ ಹಾಕಿ. ಕೇಳುವುದಕ್ಕೆ ಹಿಂಜರಿಯಬೇಕಾದವರು ನೀವಲ್ಲ.

ಈ ಪ್ರಸಂಗಕ್ಕೆ ಯಾರೂ ನಿರೀಕ್ಷಿಸದ ಒಂದು ಬಾಲವೂ ಇದೆ. ಅದೇ ಸಮಯದಲ್ಲಿ ದೇಶದ ಬೇರೆಡೆ ನಡೆಯುತ್ತಿದ್ದ ಇನ್ನೊಂದು ಅಧ್ಯಯನದಲ್ಲೂ ಲಸಿಕೆ ನಿಂತುಹೋಗಿ, ಸಾವಿರಾರು ಹುಡುಗಿಯರು ಒಂದೇ ಡೋಸಿನಲ್ಲಿ ಉಳಿದರು. ಅವರನ್ನು ವರ್ಷಗಟ್ಟಲೆ ಗಮನಿಸಿದಾಗ, 16 ಮತ್ತು 18ನೇ ಬಗೆಯ ಸೋಂಕು ಬೇರೂರದಂತೆ ಒಂದೇ ಡೋಸು ಕೂಡ ಹೆಚ್ಚು ಕಡಿಮೆ ಎರಡು ಮೂರು ಡೋಸುಗಳಷ್ಟೇ ರಕ್ಷಣೆ ಕೊಟ್ಟದ್ದು ಕಂಡುಬಂತು. ಇಂಥ ಆಧಾರಗಳ ಮೇಲೆಯೇ ವಿಶ್ವ ಆರೋಗ್ಯ ಸಂಸ್ಥೆ 2022ರ ಡಿಸೆಂಬರಿನಲ್ಲಿ, 9ರಿಂದ 20 ವರ್ಷದವರಿಗೆ ಒಂದು ಅಥವಾ ಎರಡು ಡೋಸು ಸಾಕೆಂದಿತು. ಖಾಸಗಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ 14ರವರೆಗೆ ಆರು ತಿಂಗಳ ಅಂತರದಲ್ಲಿ ಎರಡು, 15 ತುಂಬಿದ ಮೇಲೆ ಮೂರು ಡೋಸು ಕೊಡುತ್ತಾರೆ. ಎಚ್‌ಐವಿಯಂಥ ಕಾರಣದಿಂದ ರೋಗನಿರೋಧಕ ಶಕ್ತಿ ಕುಗ್ಗಿರುವ ಮಕ್ಕಳಿಗೆ ಒಂದು ಡೋಸು ಸಾಲದು.

ಲಸಿಕೆಯಲ್ಲಿ ಜೀವಂತ ವೈರಸ್ಸು ಇರುವುದಿಲ್ಲ. ವೈರಸ್ಸಿನ ಹೊರಕವಚವನ್ನು ಹೋಲುವ ಪ್ರೋಟೀನ್ ಮಾತ್ರ ಇರುತ್ತದೆ. ತೋಳುನೋವು, ಊತ, ತಲೆನೋವು, ಸಣ್ಣ ಜ್ವರ ಬರಬಹುದು. ಈ ವಯಸ್ಸಿನವರಲ್ಲಿ ಕೆಲವರು ಸೂಜಿಯ ಭಯಕ್ಕೇ ತಲೆಸುತ್ತಿ ಬೀಳುವುದುಂಟು, ಆದ್ದರಿಂದ ಮಗಳನ್ನು ಕೂರಿಸಿಯೇ ಚುಚ್ಚಿಸಿ, ಬಳಿಕ ಹದಿನೈದು ನಿಮಿಷ ಅಲ್ಲಿಯೇ ಇರಿ. ಹಿಂದಿನ ಡೋಸಿಗೆ ಅಥವಾ ಯೀಸ್ಟಿಗೆ ತೀವ್ರ ಅಲರ್ಜಿಯಾಗಿದ್ದರೆ ಮೊದಲೇ ವೈದ್ಯರಿಗೆ ಹೇಳಬೇಕು. ಮುಂದೆ ಮಕ್ಕಳಾಗುವುದಿಲ್ಲ ಎಂಬ ವದಂತಿಗೆ ಆಧಾರವಿಲ್ಲ.

ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನ ಸರ್ವಾವ್ಯಾಕ್ ನಾಲ್ಕು ಬಗೆಗಳಿಂದಲೂ, ಆಮದಾಗುವ ಗಾರ್ಡಸಿಲ್ 9 ಒಂಬತ್ತು ಬಗೆಗಳಿಂದಲೂ ಕಾಪಾಡುತ್ತವೆ; ಎರಡನೆಯದು ಬಹಳ ದುಬಾರಿ. ದುಬಾರಿಯದಕ್ಕೆ ಹಣ ಕೂಡಿಸುತ್ತ ಎರಡು ಮೂರು ವರ್ಷ ಕಳೆಯುವುದಕ್ಕಿಂತ ಈಗಲೇ ಕೈಗೆಟುಕುವುದನ್ನು ಹಾಕಿಸುವುದು ಮೇಲು, ಏಕೆಂದರೆ 16 ಮತ್ತು 18 ಎರಡರಲ್ಲೂ ಇವೆ. ಸರ್ಕಾರದ ಕಡೆಯಿಂದ ನಿಮ್ಮ ಮಗಳ ವಯಸ್ಸಿಗೆ ಉಚಿತವಾಗಿ ಸಿಗುತ್ತದೆಯೇ ಎಂದು ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ವಿಚಾರಿಸಿ. ಗಂಡುಮಕ್ಕಳಿಗೂ ಇದನ್ನು ಹಾಕಿಸಬಹುದು.

ಮಗಳಿಗೆ ಏನು ಹೇಳುವುದೆಂದು ತೋಚದಿದ್ದರೆ, ದೊಡ್ಡವಳಾದ ಮೇಲೆ ಬರಬಹುದಾದ ಒಂದು ಕ್ಯಾನ್ಸರನ್ನು ಈಗಲೇ ತಡೆಯುವ ಮದ್ದು ಎಂದರೆ ಸಾಕು. ಅವಳು ಮುಂದೆ ಕೇಳಿದಷ್ಟಕ್ಕೆ ನಿಜವನ್ನೇ ಹೇಳಿ. ಲಸಿಕೆಯ ಚೀಟಿಯನ್ನು ಜೋಪಾನವಾಗಿಟ್ಟುಕೊಳ್ಳಿ. ಲಸಿಕೆ ಎಲ್ಲ ಬಗೆಗಳನ್ನೂ ತಡೆಯದ ಕಾರಣ ಮೂವತ್ತು ದಾಟಿದ ಮೇಲೆ ಅವಳು ಗರ್ಭಕಂಠದ ತಪಾಸಣೆಯನ್ನೂ ಮಾಡಿಸಿಕೊಳ್ಳಬೇಕಾಗುತ್ತದೆ. ಅವಳ ಜೊತೆಗೆ ಹೋದ ತಾಯಿಗೆ ಆ ವಯಸ್ಸು ಆಗಲೇ ದಾಟಿರುತ್ತದೆ; ತನ್ನ ತಪಾಸಣೆಗೂ ಅಂದೇ ದಿನ ಗೊತ್ತು ಮಾಡಿಸಿಕೊಂಡು ಬರಲಿ.